ಬ್ರೇಕಿನ ಅಯ್ಯನವರು ಮತ್ತು ನಾಲ್ಕು ಹೋರಿ ತೂಕದ ಕಾರು

ಉಮರ್ಗಾದ ಹೆದ್ದಾರಿಯ ಮಗ್ಗುಲಲ್ಲಿ ಪಂಚಯ್ಯನವರ ಬ್ರೇಕಿನ ಅಂಗಡಿ ಇದೆ. ಅಲ್ಲಿಗೆ ದೂರು ಹೇಳಲು ಬಂದವರು ಮೊದಲು ಅಂಗಡಿಯವರ ಪಾದಕ್ಕೆ ಹಣೆ ಮುಟ್ಟಿಸುತ್ತಾರೆ. ಹಣೆ ಮುಟ್ಟಿಸಿ ಎದ್ದ ಮೇಲೆ ದೂರು ಬಾಯಿಂದ ಹೊರಡುವುದಿಲ್ಲ. “ಯಾಕ ಬಂದಿದ್ದೆಪ್ಪಾ?” ಎಂದು ಅವರು ಕೇಳಿದರೆ, “ಏನಿಲ್ರೀ ಅಯ್ನೋರ, ಹಿಂಗೇ ದರ್ಶನ ತಗೊಂಡು ಹೋಗಾಮಂತ” ಎಂದು ಹೇಳಿ, ಹಣೆಯ ಮೇಲೆ ವಿಭೂತಿಯ ಬದಲು ಕಪ್ಪು ಗ್ರೀಸು ಹಚ್ಚಿಕೊಂಡು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ.

ಪಂಚಯ್ಯನವರು ಜಂಗಮರು. ಕಾಸಾರಶಿರಸಿಯಲ್ಲಿ ಹುಟ್ಟಿದವರು. ತಂದೆ ಸಂಗಮೇಶ್ವರಯ್ಯನವರಿಗೆ ಸುತ್ತಲಿನ ಹನ್ನೆರಡು ಹಳ್ಳಿಗಳ ಮದುವೆ, ಮುಂಜಾವಿನ ಪೂಜೆ, ಹೊಸ ಮನೆಯ ಶಾಂತಿ ಎಲ್ಲವನ್ನೂ ಒಪ್ಪಿಸಲಾಗಿತ್ತು. ಮಗನೂ ಜೋಳಿಗೆ ಹೊತ್ತು ಹಿಂದೆ ಹಿಂದೆ ನಡೆದವನೇ. ಆದರೆ ಹಳ್ಳಿಯಿಂದ ಹಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ಅವನ ಕಣ್ಣು ಡ್ರೈವರನ ಬಲಗಾಲನ್ನು ಬಿಟ್ಟು ಕದಲುತ್ತಿರಲಿಲ್ಲ. ಇಷ್ಟು ದೊಡ್ಡ ಬಸ್ಸು ಇಷ್ಟು ಸಣ್ಣ ಕಾಲಿನ ಮಾತು ಕೇಳಿ ನಿಲ್ಲುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಮಂತ್ರದಲ್ಲಿ ಸಿಗಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಉದಗೀರಕ್ಕೆ ಹೋಗಿ ಒಬ್ಬ ಉಸ್ತಾದರ ಗ್ಯಾರೇಜು ಸೇರಿದ. ತಂದೆ ಎರಡು ವರ್ಷ ಮಗನೊಡನೆ ಮಾತು ಬಿಟ್ಟರು.

ಎರಡು ವರ್ಷದ ಮೇಲೆ ಒಂದು ದಿನ ಸಂಗಮೇಶ್ವರಯ್ಯನವರು ನಿಲಂಗಾಕ್ಕೆ ಜೀಪಿನಲ್ಲಿ ಹೋಗುತ್ತಿದ್ದರು. ಎದುರಿಗೆ ಎಮ್ಮೆಯೊಂದು ಬಂದು ರಸ್ತೆಯ ನಡುವೆ ಯೋಚಿಸುತ್ತಾ ನಿಂತಿತು. ಜೀಪು ಒಂದಿಷ್ಟೂ ಸದ್ದು ಮಾಡದೆ, ಎಮ್ಮೆಗೆ ಗೊತ್ತೇ ಆಗದಂತೆ, ಅದರ ಮೂಗಿನ ಮುಂದೆ ನಿಂತಿತು. “ಬ್ರೇಕ್ ಯಾರು ಕಟ್ಟ್ಯಾರೋ?” ಎಂದು ಅವರು ಕೇಳಿದರು. “ನಿಮ್ಮ ಮಗನಽ ಕಟ್ಟ್ಯಾನರೀ” ಎಂದ ಡ್ರೈವರು. ಹಿರಿಯರು ಇಳಿದು ಜೀಪಿಗೂ ಎಮ್ಮೆಯ ಮೂಗಿಗೂ ನಡುವಿನ ಅಂತರವನ್ನು ಗೇಣಿನಿಂದ ಅಳೆದರು. ಮುಂದೆ ಮಗ ಉಮರ್ಗಾದಲ್ಲಿ ಸ್ವಂತ ಅಂಗಡಿ ತೆರೆದಾಗ, ಪುರಾಣದ ಪೋಥಿ ಬರೆಯುವ ತಮ್ಮ ಗುಂಡಗಿನ ಅಕ್ಷರದಲ್ಲಿ ತಗಡಿನ ಮೇಲೆ ಒಂದು ಬೋರ್ಡು ಬರೆದುಕೊಟ್ಟರು. ಮೇಲೆ ಮರಾಠಿ, ಕೆಳಗೆ ಕನ್ನಡ. “ಇಲ್ಲಿ ಕಟ್ಟಿದ ಬ್ರೇಕು ಕಿರುಚಿದರೆ ಈ ಫಲಕವನ್ನು ಇಳಿಸಲಾಗುವುದು.”

ಆ ಬೋರ್ಡು ಹತ್ತಿ ಮೂವತ್ತೊಂದು ವರ್ಷವಾಯಿತು. ಬರೆದ ಕೈ ಈಗ ಇಲ್ಲ. ಬೋರ್ಡು ಇಳಿದಿಲ್ಲ.

ಇಳಿಯಲೆಂದು ಕಾದವರೊಬ್ಬರು ಮಾತ್ರ ಪಕ್ಕದಲ್ಲೇ ಇದ್ದರು. ಅವರು ಹಾರ್ನಿನ ಅಂಗಡಿಯ ಮಹಾದೇವಪ್ಪ. ಲಾರಿಗಳಿಗೆ ಏಳು ರಾಗದ ಹಾರ್ನು ಕೂಡಿಸುವವರು. ಒಬ್ಬರಿಗೆ ಸದ್ದೇ ಜೀವನ, ಇನ್ನೊಬ್ಬರಿಗೆ ಸದ್ದಿಲ್ಲದಿರುವುದೇ ಜೀವನ. ದಿನಕ್ಕೆ ನಾಲ್ಕು ಸಲ ಒಟ್ಟಿಗೆ ಚಹಾ ಕುಡಿಯುವ ಇಬ್ಬರು ಮೂವತ್ತೊಂದು ವರ್ಷದಿಂದ ಒಂದೇ ಮಾತನ್ನು ಆಡುತ್ತಾ ಬಂದಿದ್ದರು.

“ಅಯ್ನೋರ, ನಾ ಸಾಯೂದರೊಳಗ ಒಂದ ಸಲ ಚೀರಸ್ರೆಪಾ.”

“ನೀ ಮೊದಲ ಸಾಯಿ, ಆಮ್ಯಾಲ ನೋಡಾಮು.”

ಪಂಚಯ್ಯನವರಿಗೆ ಬ್ರೇಕು ಪರೀಕ್ಷೆ ಮಾಡುವ ಒಂದು ಪದ್ಧತಿ ಇತ್ತು. ಅವರ ಹೆಂಡತಿ ಚಂದ್ರಭಾಗಾ ಒಂದು ತಂಬಿಗೆಯ ತುಂಬ ಮಜ್ಜಿಗೆ ಹಿಡಿದು ಗಾಡಿಯಲ್ಲಿ ಕೂರುತ್ತಾರೆ. ತಂಬಿಗೆಗೆ ಮುಚ್ಚಳ ಇರುವುದಿಲ್ಲ. ಪಂಚಯ್ಯನವರು ಬ್ರೇಕು ಒತ್ತುತ್ತಾರೆ. ಮಜ್ಜಿಗೆ ನೆಟ್ಟಗೆ ಮುಂದಕ್ಕೆ ಬಾಗಿ ನೆಟ್ಟಗೆ ಹಿಂದಕ್ಕೆ ಬಂದರೆ ಬ್ರೇಕು ಸರಿ. ಎಡಕ್ಕೆ ಚೆಲ್ಲಿದರೆ ಬಲಗಡೆಯ ಗಾಲಿ ಹೆಚ್ಚು ಹಿಡಿಯುತ್ತಿದೆ ಎಂದರ್ಥ. ಮಜ್ಜಿಗೆಯ ಮೇಲೆ ಸಣ್ಣ ಸಣ್ಣ ಉಂಗುರ ಎದ್ದರೆ ಗಾಲಿಯೊಡನೆ ತಿರುಗುವ ಡಿಸ್ಕು ಸೊಟ್ಟಾಗಿದೆ. ಮಗಳು ಪೂನಮ್ ಲಾತೂರಿನಲ್ಲಿ ಮೋಟಾರಿನ ಡಿಪ್ಲೊಮಾ ಮುಗಿಸಿ ಬಂದು, ಈಗ ತಂದೆಯ ಅಂಗಡಿಯಲ್ಲೇ ಕೆಲಸ ಮಾಡುತ್ತಾಳೆ. ಇದನ್ನು ಅಳೆಯುವ ಯಂತ್ರವೇ ಇದೆಯೆಂದು ಅವಳು ಹೇಳಿದಾಗ ಚಂದ್ರಭಾಗಾ, “ಆ ಯಂತ್ರ ಕೆಲಸ ಮುಗದಮ್ಯಾಲ ಕುಡ್ಯಾಕ ಬರ್ತದೇನು?” ಎಂದು ಕೇಳಿದ್ದರು. ಪೂನಮ್ ಮತ್ತೆ ಆ ಮಾತು ತೆಗೆಯಲಿಲ್ಲ.

ಹೀಗಿರುವಾಗ ಹೋದ ಮಾಘದಲ್ಲಿ ಒಂದು ದಿನ, ಹತ್ತು ಗಂಟೆಯ ಹೊತ್ತಿಗೆ, ಅಂಗಡಿಯ ಮುಂದೆ ಒಂದು ಕೆಂಪು ಕಾರು ಬಂದು ನಿಂತಿತು. ನಿಂತಿತು ಎನ್ನುವುದಕ್ಕಿಂತ ಮಲಗಿತು ಎನ್ನಬೇಕು, ಅಷ್ಟು ತಗ್ಗು. ಅಂಗಳದ ಏರು ಹತ್ತುವಾಗ ಹೊಟ್ಟೆ ಉಜ್ಜಿ ಗರ್ ಎಂದಿತು. ಬಾಗಿಲು ತೆರೆಯಿತು. ಒಳಗಿನಿಂದ ಮೊದಲು ಒಂದು ಕಾಲು, ಆಮೇಲೆ ಒಂದು ಕೈ, ಬಹಳ ಹೊತ್ತಿನ ಮೇಲೆ ಉಳಿದ ಧನರಾಜ ಹೊರಗೆ ಬಂದ.

ಧನರಾಜ ನಿಲಂಗಾದವನು. ಖಡಿ ಮಷೀನಿನ ಮಾಲೀಕ. ಈ ಭಾಗದ ರಸ್ತೆಗೆ ಬೀಳುವ ಜಲ್ಲಿಕಲ್ಲಿನಲ್ಲಿ ಅರ್ಧ ಅವನ ಮಷೀನಿನದು. ಕಾರನ್ನು ಪುಣೆಯಲ್ಲಿ ಒಬ್ಬರು ಬಳಸಿ ಬಿಟ್ಟದ್ದನ್ನು ತಂದಿದ್ದ. ಬಂದವನೇ ಅಯ್ಯನವರ ಪಾದಕ್ಕೆ ಹಣೆ ಹಚ್ಚಿ, ಗ್ರೀಸು ಒರೆಸಿಕೊಳ್ಳುತ್ತಾ ತನ್ನ ಕಥೆ ಹೇಳಿದ.

“ಅಯ್ನೋರ, ಹೈದರಾಬಾದ ಆಚಿಗಿ ಒಂದು ಟ್ರ್ಯಾಕ್ ಅದರೀ. ಗೋಲ್ ಗೋಲ್ ಓಡಸೂದು. ಹೋದ ತಿಂಗಳ ಹೋಗಿದ್ದೆ. ನಾಕ ಸುತ್ತು ಮಸ್ತ ಹೋದೆ. ಐದನೇ ಸುತ್ತಿಗಿ ಪೆಡಲ್ ಒತ್ತೀನಿ, ಕೆಳಗ ಹೋಗೇ ಬಿಡ್ತು. ಬೆಣ್ಯಾಗ ಕಾಲಿಟ್ಟಂಗ! ವಾಸನಿ ಒಂದು, ಹೊಗಿ ಒಂದು. ಸೀದಾ ಹೋಗಿ ಬದಿಗಿನ ಖಡಿಯೊಳಗ ಹುಗದೆ.”

“ಖಡಿಯೊಳಗ?” ಎಂದು ಮಹಾದೇವಪ್ಪ ತಮ್ಮ ಅಂಗಡಿಯಿಂದಲೇ ಕತ್ತು ಚಾಚಿದರು. “ನಿನ್ನ ಮಷೀನಿಂದಽ ಏನಪಾ ಖಡಿ?”

“ಅಲ್ರೀ ಕಾಕಾ. ನಮ್ಮದಾಗಿದ್ರ ಇಷ್ಟ ಆಳ ಹೂಳ್ತಿದ್ದಿಲ್ಲ, ನಮ್ಮ ಸೈಜ್ ದೊಡ್ಡದು.”

ಅವನ ತಾಯಿ ಗೌರಾಬಾಯಿಗೆ ಸುದ್ದಿ ಮುಟ್ಟಿತ್ತು. ಪಂಚಯ್ಯನವರು ಬ್ರೇಕು ಕಟ್ಟಿ, ತಮ್ಮ ಬಾಯಿಂದ “ಹೋಗಲಿ” ಎನ್ನುವವರೆಗೆ ಟ್ರ್ಯಾಕಿನ ಹೆಸರೆತ್ತಕೂಡದು ಎಂದು ಆಕೆ ಆಣೆ ಹಾಕಿಸಿದ್ದರು. ಧನರಾಜನ ಬೇಡಿಕೆ ಸರಳವಾಗಿತ್ತು. ಇದೇ ಕಾರಿನಲ್ಲಿ ಅವನು ದಿನಾ ಉದಗೀರಕ್ಕೆ ಹೋಗಬೇಕು. ವಾರಕ್ಕೊಮ್ಮೆ ಅವ್ವನನ್ನು ದೇವಣಿಯ ದನದ ಬಜಾರಿಗೆ ಕರೆದೊಯ್ಯಬೇಕು. ಬರುವ ತಿಂಗಳ ಎರಡನೆಯ ರವಿವಾರ ಟ್ರ್ಯಾಕಿನಲ್ಲಿ ಓಡಿಸಬೇಕು. “ಒಂದ ಪ್ಯಾಡ್ ಹಾಕ್ರಿ. ರೋಡಿಗೂ ನಡೀಬೇಕು, ಟ್ರ್ಯಾಕಿಗೂ ನಡೀಬೇಕು.”

ಪಂಚಯ್ಯನವರು ಕಾರನ್ನು ಸುತ್ತು ಹಾಕಿದರು. “ತೂಕ ಎಷ್ಟದ?”

“ಎರಡು ಟನ್ನಿಗಿ ಜರಾ ಕಡಿಮಿ” ಎಂದು ಪೂನಮ್ ಫೋನಿನಲ್ಲಿ ನೋಡಿ ಹೇಳಿದಳು.

“ನಾಕು ದೇವಣಿ ಹೋರಿ” ಎಂದರು ಪಂಚಯ್ಯನವರು. “ನಾಕು ಹೋರಿ ಒಮ್ಮಿಗೇ ಓಡಾಕ ಹತ್ಯಾವ, ನೀ ಒಂದು ಸಣ್ಣ ಹಗ್ಗ ಹಾಕಿ ನಿಲ್ಲಸ್ತಿ. ಹಗ್ಗ ಸುಡಲಾರದ ಏನ್ ಮಾಡ್ತದ?”

ಆ ಸಂಜೆ ಪೂನಮ್ ತಂದೆಗೆ, ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಪ್ಯಾಡಿನ ಜಾತಕ ಬಿಡಿಸಿ ಹೇಳಿದಳು. ರಸ್ತೆಯ ಪ್ಯಾಡು ತಣ್ಣಗಿದ್ದಾಗಲೇ ಹಿಡಿಯುತ್ತದೆ, ಸದ್ದು ಮಾಡುವುದಿಲ್ಲ, ಡಿಸ್ಕನ್ನು ತಿನ್ನುವುದಿಲ್ಲ. ಆದರೆ ಬಹಳ ಬಿಸಿಯಾದರೆ ಹಿಡಿತ ಬಿಡುತ್ತದೆ. ಟ್ರ್ಯಾಕಿನ ಪ್ಯಾಡು ಎಷ್ಟು ಬಿಸಿಯಾದರೂ ಹಿಡಿಯುತ್ತದೆ; ಆದರೆ ತಣ್ಣಗಿದ್ದಾಗ ಹಿಡಿಯಲು ಬೇಸರಪಡುತ್ತದೆ, ಗಾಲಿಯನ್ನೆಲ್ಲ ಕಪ್ಪು ಧೂಳು ಮಾಡುತ್ತದೆ, ಮತ್ತು...

“ಮತ್ತ?”

“ಚೀರ್ತದ, ಅಪ್ಪಾ.”

ಪಂಚಯ್ಯನವರು ಬೋರ್ಡಿನ ಕಡೆಗೆ ನೋಡಿ ಎದ್ದು ಹೋದರು.

ಪೂನಮ್ ಮೂರು ಬಗೆಯ ಪ್ಯಾಡು ತರಿಸಿದಳು. ಒಂದು ರಸ್ತೆಯದು, ಒಂದು ಟ್ರ್ಯಾಕಿನದು, ಒಂದು ನಡುವಿನದು. ಮೊದಲು ಟ್ರ್ಯಾಕಿನದನ್ನು ಕೂಡಿಸಿ ಅಂಗಳದಲ್ಲೇ ಹತ್ತು ಹೆಜ್ಜೆ ಓಡಿಸಿ ಬ್ರೇಕು ಒತ್ತಿದರು. ಹತ್ತು ಬಾಗಿಲುಗಳ ಕೀಲು ಒಮ್ಮೆಗೇ ಒಣಗಿದಂತೆ ಕೀಂಯ್ ಎಂದಿತು. ಎದುರಿನ ಚಹಾದ ಅಂಗಡಿಯವನ ಕೈಯಿಂದ ಬಟ್ಟಲು ಬಿತ್ತು. ಮಹಾದೇವಪ್ಪನವರು ಎದ್ದುಬಂದರು. ಬರಿಗೈಯಲ್ಲಿ ಬರಲಿಲ್ಲ. ಹೆಗಲ ಮೇಲೆ ಏಣಿ ಹೊತ್ತುಕೊಂಡು ಬಂದರು.

“ಮೂವತ್ತೊಂದು ವರ್ಷಾತು ಈ ನಿಚ್ಚಣಿಕಿ ಮಾಡಿಸಿ ಇಟ್ಟು. ಇವತ್ತ ಮುಹೂರ್ತ ಬಂತು ನೋಡ್ರಿ.”

“ಇಳಸು ನಿಚ್ಚಣಿಕಿ” ಎಂದರು ಪಂಚಯ್ಯನವರು. “ಗಾಡಿ ಇನ್ನಾ ನನ್ನ ಅಂಗಳದಾಗ ಅದ. ಅಂಗಳ ದಾಟಿ ಊರಾಗ ಚೀರಿದ್ರ ಮಾತ್ರ ಲೆಕ್ಕ.”

“ಹಿಂಗ ಯಾವಾಗ ಠರಾವ್ ಆಗ್ಯದ?”

“ಈಗ.”

ಮರುದಿನ ರಸ್ತೆಯ ಪ್ಯಾಡು ಕೂಡಿಸಿದರು. ಕಾಸಾರಶಿರಸಿಯ ಕಡೆಗೆ ಹೊಸ ರಸ್ತೆಯೊಂದು ಮುಗಿದು, ಇನ್ನೂ ಜನರಿಗೆ ತೆರೆಯದೆ ಎರಡೂ ತುದಿಗೆ ಅಡ್ಡಗಂಬ ಹಾಕಿ ಬಿಟ್ಟಿದ್ದರು. ಖಡಿ ಕೊಟ್ಟವನೆಂಬ ಗೌರವಕ್ಕೆ ಧನರಾಜನಿಗೆ ಅಲ್ಲಿ ಓಡಿಸಲು ಪರವಾನಗಿ ಸಿಕ್ಕಿತು. ಚಂದ್ರಭಾಗಾ ಮಜ್ಜಿಗೆಯ ತಂಬಿಗೆ ಹಿಡಿದು ಬಂದರು. ಕಾರಿನಲ್ಲಿ ಎರಡೇ ಸೀಟು. ಧನರಾಜ ರಸ್ತೆಯ ಬದಿಗೆ ಉಳಿದ, ಪಂಚಯ್ಯನವರು ಸ್ಟೀರಿಂಗ್ ಚಕ್ರ ಹಿಡಿದರು. ಚಂದ್ರಭಾಗಾ ಸೀರೆ ಸುತ್ತಿಕೊಂಡು ಒಳಗೆ ಇಳಿಯುವುದಕ್ಕೇ ಐದು ನಿಮಿಷ ಹಿಡಿಯಿತು.

“ಅಯ್ಯ, ಇದೇನ್ರೀ, ಕುಂತ್ರ ನೆಲಕ್ಕಽ ಕುಂತಂಗ ಆಗ್ತದ! ಇಷ್ಟ ದೊಡ್ಡ ಗಾಡ್ಯಾಗ ಕುಂಡ್ರಾಕ ಒಂದು ಮಣಿ ಇಡಾಕ ಬರ್ತಿದ್ದಿಲ್ಲೇನು ಇವರಿಗಿ?”

ಮೊದಲ ನಾಲ್ಕು ಸಲ ಮಜ್ಜಿಗೆ ದೇವರಿಗೆ ತಲೆಬಾಗಿದಂತೆ ನೆಟ್ಟಗೆ ಬಾಗಿ ನೆಟ್ಟಗೆ ಎದ್ದಿತು. ಸದ್ದಿಲ್ಲ. ಆದರೆ ನೂರರ ವೇಗದಿಂದ ಒಂದರ ಹಿಂದೊಂದು ಹನ್ನೆರಡು ಸಲ ಒತ್ತಿದಾಗ ಪೆಡಲು ಮೆತ್ತಗಾಯಿತು. ಸುಟ್ಟ ಕಂಬಳಿಯ ವಾಸನೆ ಬಂತು. ಹದಿಮೂರನೆಯ ಸಲ ಕಾರು ತನಗೆ ಮನಸ್ಸಾದ ಮೇಲೆ ನಿಂತಿತು. ಮೂರನೆಯ ದಿನ ನಡುವಿನ ಪ್ಯಾಡು ಹಾಕಿದರು. ಅದು ಸ್ವಲ್ಪ ಚೀರಿತು, ಸ್ವಲ್ಪ ಸುಟ್ಟಿತು. ಎರಡೂ ಕಡೆ ಹೌದು ಎನ್ನುವ ನೆಂಟನ ಹಾಗೆ ಯಾವ ಕಡೆಗೂ ಒದಗಲಿಲ್ಲ.

ಅಯ್ಯನವರಿಗೆ ಎರಡು ದಿನ ಊಟ ಸೇರಲಿಲ್ಲ. ಟ್ರ್ಯಾಕಿನದನ್ನು ಹಾಕಿದರೆ ಊರೊಳಗೆ ಚೀರುತ್ತದೆ, ತಂದೆಯ ಅಕ್ಷರ ಕೆಳಗಿಳಿಯುತ್ತದೆ. ರಸ್ತೆಯದನ್ನು ಹಾಕಿದರೆ ಧನರಾಜ ಮತ್ತೆ ಖಡಿಯಲ್ಲಿ ಹೂತುಹೋಗುತ್ತಾನೆ.

ಉಪಾಯ ಹೊಳೆದದ್ದು ಒಂದು ಗೃಹಪ್ರವೇಶದ ದಿನ; ತಂದೆಯ ಕಾಲದ ಮನೆಗಳ ಪೂಜೆಯನ್ನು ಅಯ್ಯನವರು ಈಗಲೂ ಬಿಟ್ಟಿರಲಿಲ್ಲ. ಲಾರಿಯ ಕೆಳಗೆ ಮಲಗಿ ನಟ್ಟಿಗೆ ಪಾನಾ ಹಾಕಿ ತಿರುಗಿಸುತ್ತಿದ್ದ ಅಯ್ಯನವರಿಗೆ ಪೂಜೆಯ ಹೊತ್ತು ನೆನಪಾಗಿ, ಎದ್ದವರೇ ಎಣ್ಣೆಯ ಪ್ಯಾಂಟಿನಲ್ಲೇ ಹೊರಟುಬಿಟ್ಟರು. ಚಂದ್ರಭಾಗಾ ಬಾಗಿಲಲ್ಲಿ ಅಡ್ಡ ನಿಂತರು.

“ಎಲ್ಲಿಗ್ರೀ ಹಿಂಗ? ಕೆಲಸದ ಬಟ್ಟಿ ಬ್ಯಾರೆ, ಪೂಜಿ ಬಟ್ಟಿ ಬ್ಯಾರೆ. ಎರಡಕ್ಕೂ ಒಂದಽ ಅಂದ್ರ ಹ್ಯಾಂಗ ನಡೀತದ? ಉಡ್ರಿ ಮೊದಲ ಧೋತರ!”

ಪಂಚಯ್ಯನವರು ಧೋತರ ಉಡುತ್ತಾ ಉಡುತ್ತಾ ಅರ್ಧಕ್ಕೆ ನಿಂತರು. ಹಾಗೆಯೇ ಒಂದು ಕೈಯಲ್ಲಿ ಕಚ್ಚೆ ಹಿಡಿದುಕೊಂಡು ಅಂಗಳಕ್ಕೆ ಬಂದು, “ಪೂನಮ್! ಎರಡೂ ಇಡಾಮು! ಊರಾಗ ರೋಡಿಂದು, ಟ್ರ್ಯಾಕಿನ ಬಾಗಲದಾಗ ಬಿಚ್ಚಿ ಟ್ರ್ಯಾಕಿಂದು!” ಎಂದು ಕೂಗಿದರು.

“ನಾ ಅದನ್ನಽ ಮೊದಲ ದಿನಾ ಹೇಳಾಕ ಬಂದಿದ್ದೆ, ಅಪ್ಪಾ. ಚೀರ್ತದ ಅಂದಕೂಡ್ಲೆ ನೀವು ಎದ್ದು ಹೋದ್ರಿ.”

ಅವಳು ಕೆಲಸವನ್ನು ಗೊತ್ತುಪಡಿಸಿದಳು. ಒಂದೇ ಕಂಪನಿಯ, ಒಂದೇ ಕುಲದ ಎರಡು ಜೊತೆ ಪ್ಯಾಡು ಬೇಕು. ಆಗ ಒಂದು ಡಿಸ್ಕಿನ ಮೇಲೆ ಬಿಟ್ಟ ಲೇಪ ಇನ್ನೊಂದಕ್ಕೆ ವೈರಿಯಾಗುವುದಿಲ್ಲ. ಹಳೆಯ ಬ್ರೇಕ್ ಆಯಿಲು ತೆಗೆದು, ಬಿಸಿಗೆ ಬೇಗ ಕುದಿಯದ ಹೊಸದನ್ನು ತುಂಬಬೇಕು. ಹೊಸ ಪ್ಯಾಡಿಗೂ ಡಿಸ್ಕಿಗೂ ಪರಿಚಯ ಮಾಡಿಸಬೇಕು. ನೂರರ ವೇಗದಿಂದ ಹತ್ತಕ್ಕೆ ಇಳಿಸುವುದು, ಹೀಗೆ ಹತ್ತು ಸಲ. ನಡುವೆ ಪೂರ್ತಿ ನಿಲ್ಲಿಸಕೂಡದು. ಮುಗಿದ ಮೇಲೆ ಬ್ರೇಕು ಮುಟ್ಟದೆ ಹತ್ತು ನಿಮಿಷ ಮೆಲ್ಲಗೆ ಓಡಿಸಿ ತಣ್ಣಗೆ ಮಾಡಬೇಕು. ಇದೆಲ್ಲ ಅಯ್ಯನವರಿಗೆ ಬಹಳ ಹಿಡಿಸಿತು. ಅಭಿಷೇಕದ ಕ್ರಮದಂತೆಯೇ ಇತ್ತು.

ಬೋರ್ಡನ್ನು ಕಾಯುವ ಉಪಾಯವೂ ಸಿದ್ಧವಾಯಿತು. ಕಾರು ರಸ್ತೆಯ ಪ್ಯಾಡಿನಲ್ಲಿ ಊರು ಬಿಡುವುದು. ಆ ಹೊಸ ರಸ್ತೆಯ ತುದಿಯಲ್ಲೇ ಧನರಾಜನ ಹೊಲದ ಮನೆ ಇತ್ತು. ಅಲ್ಲಿ ಪ್ಯಾಡು ಬದಲಿಸಿ, ಟ್ರ್ಯಾಕಿನದಕ್ಕೆ ಪರಿಚಯ ಮಾಡಿಸಿ, ಮತ್ತೆ ಅಲ್ಲಿಯೇ ರಸ್ತೆಯದನ್ನು ಕೂಡಿಸಿ ಸದ್ದಿಲ್ಲದೆ ಊರಿಗೆ ಬರುವುದು. ಕಿರುಚಾಟ ಏನಿದ್ದರೂ ತೊಗರಿಯ ಹೊಲ ಕೇಳಿಸಿಕೊಳ್ಳಲಿ.

ಆ ದಿನ ಎಲ್ಲವೂ ಹಾಗೆಯೇ ನಡೆಯಿತು. ಹೊಲದ ಮನೆಯಲ್ಲಿ ಪ್ಯಾಡು ಬದಲಾಯಿತು. ಮುಂದಿನ ಎರಡು ಗಾಲಿಗಳಿಂದ ಬಿಚ್ಚಿದ ನಾಲ್ಕು ರಸ್ತೆಯ ಪ್ಯಾಡುಗಳನ್ನು ಒಂದು ತಟ್ಟೆಯಲ್ಲಿಟ್ಟು ಗೌರಾಬಾಯಿಯ ವಶಕ್ಕೆ ಕೊಟ್ಟರು. “ಜ್ವಾಕಿ ಮಾಡ್ರಿ ಅವ್ವಾರ” ಎಂದರು ಪಂಚಯ್ಯನವರು. “ಮಾಡ್ತೀನ್ರೀ ಅಯ್ನೋರ, ದೇವರ ಸಮ ನೋಡಿಕೋತೀನಿ” ಎಂದರು ಆಕೆ. ಧನರಾಜ ಚಕ್ರ ಹಿಡಿದ, ಪಂಚಯ್ಯನವರು ಪಕ್ಕದಲ್ಲಿ ಕುಳಿತು ಎಣಿಸಿದರು. ಒಂದು, ಎರಡು, ಮೂರು. ಹತ್ತನೆಯದಕ್ಕೆ ಗಾಲಿಗಳಿಂದ ಬಿಸಿಯ ಅಲೆ ಏಳುತ್ತಿತ್ತು.

“ಸಾಕು. ಈಗ ಬ್ರೇಕ್ ಮುಟ್ಟಬ್ಯಾಡ. ಹಿಂಗೇ ಮೆಲ್ಲಕ ಹೊಂಡು. ಏನ ಬಂದ್ರೂ ನಿಲ್ಲಸಬ್ಯಾಡ.”

“ಹೂಂ ರೀ.”

ಹೊಲದ ಮನೆಯ ಮುಂದೆ ಗೌರಾಬಾಯಿ ನಿಂತಿದ್ದರು. ರಸ್ತೆಯ ನಟ್ಟನಡುವೆ. ಒಂದು ಕೈಯಲ್ಲಿ ಆರತಿ, ಟೊಂಕದಲ್ಲಿ ತುಂಬಿದ ಕೊಡ.

“ನಿಲ್ಲಸಬ್ಯಾಡ!”

“ಅವ್ವ ಆರತಿ ಹಿಡದಾಳ್ರೀ! ದಾಟಿ ಹ್ಯಾಂಗ ಹೋಗ್ಲಿ?”

ಧನರಾಜ ನಿಲ್ಲಿಸಿದ. ಪಂಚಯ್ಯನವರು ತಗ್ಗಿನ ಸೀಟಿನಿಂದ ಏಳಲು ಒದ್ದಾಡುತ್ತಿರುವಾಗಲೇ ಗೌರಾಬಾಯಿ ಆರತಿ ಬೆಳಗಿ, ಕೊಡ ಬಗ್ಗಿಸಿ, ಬಾವಿಯ ತಣ್ಣೀರನ್ನು ಕಾರಿನ ಮುಂದಿನ ಬಲ ಗಾಲಿಗೆ ಅರ್ಧ, ಎಡ ಗಾಲಿಗೆ ಅರ್ಧ ಸುರಿದರು.

ಚೊಂಯ್ಯ್! ಒಂದು ಊರಿನ ಒಗ್ಗರಣೆ ಒಂದೇ ಬಾಣಲೆಯಲ್ಲಿ ಬಿದ್ದಂತಾಯಿತು. ಬಿಳಿಯ ಉಗಿ ಎದ್ದು ಗೌರಾಬಾಯಿ, ಆರತಿ, ಕಾರಿನ ಮುಂದಿನ ಅರ್ಧ ಕಾಣದಾದವು. ಉಗಿಯೊಳಗಿನಿಂದ ಆಕೆಯ ಧ್ವನಿ ಮಾತ್ರ ಬಂತು.

“ಅಯ್ಯಯ್ಯ, ಪಾಪ, ಎಷ್ಟ ದಣದದರೀ ಇದು! ಇನ್ನೊಂದು ಕೊಡ ತರ್ಲೇನ್ರಿ?”

“ಬ್ಯಾಡ್ರೀ ಅವ್ವಾ!” ಎಂದು ಪಂಚಯ್ಯನವರು ಅರ್ಧ ಒಳಗೆ ಅರ್ಧ ಹೊರಗೆ ಇದ್ದುಕೊಂಡೇ ಕೂಗಿದರು. “ಬಿಸಿ ಗಾಲಿಗಿ ನೀರು ಯಾಕ ಹಾಕಿದ್ರಿ? ಡಿಸ್ಕ್ ಸೊಟ್ಟ ಆಗ್ತದ! ಯಾರ್ ಹೇಳ್ಯಾರ ನಿಮಗ?”

ಉಗಿ ತಿಳಿಯಾಯಿತು. ಗೌರಾಬಾಯಿ ಬೆರಗಾಗಿ ನೋಡಿದರು.

“ನೀವಽ ಹೇಳೀರಲ್ರೀ ಅಯ್ನೋರ! ನಮ್ಮ ಟ್ರ್ಯಾಕ್ಟರ್ ತಂದಾಗ ಪೂಜಿ ಮಾಡಾಕ ಬಂದಿದ್ರಿ. ಹೋರಿ ಬರ್ಲಿ, ಸೊಸಿ ಬರ್ಲಿ, ಗಾಡಿ ಬರ್ಲಿ, ಹೊಸಾದು ಮನಿಗಿ ಬಂದ್ರ ಮೊದಲ ಕಾಲಿಗಿ ನೀರು ಹಾಕ್ರಿ, ಆಮ್ಯಾಲ ಮಾತಾಡ್ರಿ ಅಂದಿದ್ರಿ. ಇವತ್ತ ಹೊಸಾ ಬ್ರೇಕ್ ಬಂದದಲ್ಲ?”

ಅಯ್ಯನವರು ಮತ್ತೆ ತಗ್ಗಿನ ಸೀಟಿನಲ್ಲೇ ಕುಸಿದು ಕುಳಿತರು. ಹೇಳಿದ್ದು ನಿಜ. ಹನ್ನೊಂದು ವರ್ಷದ ಹಿಂದೆ, ಇದೇ ಅಂಗಳದಲ್ಲಿ, ಎರಡು ಉಂಡೆ ತಿಂದು ತೃಪ್ತರಾಗಿ ಹೇಳಿದ್ದರು.

“ಇರಲಿ” ಎಂದು ನಿಟ್ಟುಸಿರಿಟ್ಟರು. “ರೋಡಿನ ಪ್ಯಾಡ್ ಕೊಡ್ರಿ. ಹಾಕ್ಕೊಂಡು ಊರಿಗಿ ಹೋಗ್ತೀವಿ.”

ಗೌರಾಬಾಯಿ ಒಳಗೆ ಹೋಗಿ ಅದೇ ತಟ್ಟೆ ತಂದರು. ನಾಲ್ಕೂ ಪ್ಯಾಡುಗಳು ದೇವರ ಜಗಲಿಯಿಂದ ಈಗ ಇಳಿದು ಬಂದಿದ್ದವು. ಅವುಗಳ ಹಿಡಿಯುವ ಮುಖಕ್ಕೆ ಎಣ್ಣೆ, ಎಣ್ಣೆಯ ಮೇಲೆ ಅರಿಶಿನ, ಅರಿಶಿನದ ಮೇಲೆ ಕುಂಕುಮ, ಒಂದೊಂದರ ಮೇಲೆ ಒಂದೊಂದು ಚೆಂಡುಹೂವು. ದೇವರ ಸಮ ನೋಡಿಕೊಳ್ಳುತ್ತೇನೆಂದ ಮಾತನ್ನು ಆಕೆ ಅಕ್ಷರಶಃ ಪಾಲಿಸಿದ್ದರು. ಎಣ್ಣೆ ಕುಡಿದ ಪ್ಯಾಡು ಇನ್ನು ಏನನ್ನೂ ಹಿಡಿಯುವುದಿಲ್ಲ.

ಧನರಾಜ ತಲೆಯ ಮೇಲೆ ಕೈ ಹೊತ್ತು ಕುಳಿತ. “ಕಾರ್ ಇಲ್ಲೇ ಬಿಟ್ಟು ಬಸ್ಸಿಗಿ ಹೋಗಾಮೇನ್ರೀ ಅಯ್ನೋರ? ಯಾರಿಗೂ ಗೊತ್ತಾಗಲ್ಲ.”

ಪಂಚಯ್ಯನವರು ಮುಂದಿನ ಗಾಲಿಯ ಬಳಿ ಕುಕ್ಕರಿಸಿ ಡಿಸ್ಕನ್ನು ಇಣುಕಿ ನೋಡಿದರು. ಉಪಾಯ ಒಳ್ಳೆಯದೇ. ಆದರೆ ಡಿಸ್ಕು ಸೊಟ್ಟಾಗಿದೆಯೋ ಇಲ್ಲವೋ ನೋಡಬೇಕಾದರೆ ಅಂಗಡಿಗೆ ಹೋಗಲೇಬೇಕು. ಸೊಟ್ಟಾಗಿದ್ದರೆ ಹೊಸದನ್ನು ಬೇಗ ತರಿಸಬೇಕು, ಇಲ್ಲದಿದ್ದರೆ ಟ್ರ್ಯಾಕಿನ ರವಿವಾರ ಕಳೆದುಹೋಗುತ್ತದೆ. ಅಲ್ಲದೆ ಚೀರುವುದನ್ನು ಬಚ್ಚಿಟ್ಟು ಉಳಿಸಿದ ಬೋರ್ಡು ತಂದೆಯ ಬೋರ್ಡು ಆಗುತ್ತದೆಯೇ?

“ನಡಿ. ಟ್ರ್ಯಾಕಿನ ಪ್ಯಾಡ್ ಮ್ಯಾಲೇ ಮೆಲ್ಲಕ ಹೋಗಾಮು” ಎಂದರು.

ಉಮರ್ಗಾದ ಬಸ್ ಸ್ಟ್ಯಾಂಡಿನ ಚೌಕದಲ್ಲಿ ಒಂದು ಎಮ್ಮೆ ಅಡ್ಡ ಬಂತು. ಎಮ್ಮೆಯೇ ಬರಬೇಕೆ! ಧನರಾಜ ಬ್ರೇಕು ಒತ್ತಿದ. ಆಗ ಎದ್ದ ಸದ್ದನ್ನು ಉಮರ್ಗಾದ ಜನ ಈಗಲೂ ಹೇಳುತ್ತಾರೆ. ಕಾರು ಗಡಗಡ ನಡುಗುತ್ತಾ, ಶಹನಾಯಿಯ ಬಾಯಿಗೆ ಬೆಕ್ಕು ಸಿಕ್ಕಂತೆ ಉದ್ದಕ್ಕೆ ಚೀರಿತು. ಎಮ್ಮೆ ಎರಡು ಕಾಲ ಮೇಲೆ ಎದ್ದಿತು. ಬಸ್ಸಿಗೆ ನಿಂತ ಹೆಂಗಸರು ಕಿವಿ ಮುಚ್ಚಿಕೊಂಡರು. ಶಾಲೆಯೊಂದರಲ್ಲಿ ಗಂಟೆಯಾಯಿತೆಂದು ತಿಳಿದು ಮಕ್ಕಳು ಹೊರಗೆ ಬಂದರು. ಅರ್ಧ ಕಿಲೋಮೀಟರು ದೂರದಲ್ಲಿ ಮಹಾದೇವಪ್ಪನವರು ಚಹಾ ಕೆಳಗಿಟ್ಟು, ಕಣ್ಣು ಮುಚ್ಚಿ, ಕೊನೆಯವರೆಗೂ ಕೇಳಿದರು.

ಕಾರು ಅಂಗಡಿ ಮುಟ್ಟುವ ಹೊತ್ತಿಗೆ ಬೋರ್ಡಿಗೆ ಏಣಿ ಒರಗಿತ್ತು. ಹತ್ತು ಹದಿನೈದು ಜನ ಸೇರಿದ್ದರು. ಮಹಾದೇವಪ್ಪನವರ ಒಂದು ಕಾಲು ಮೊದಲ ಮೆಟ್ಟಿಲ ಮೇಲಿತ್ತು. ಪಂಚಯ್ಯನವರ ಮುಖ ನೋಡಿ ಅವರು ಆ ಕಾಲನ್ನು ಕೆಳಗಿಟ್ಟರು.

“ಹೋಗ್ಲಿ ಬಿಡ್ರಿ ಅಯ್ನೋರ. ನಾ ಚ್ಯಾಷ್ಟಿ ಮಾಡ್ತಿದ್ದೆ. ಅದು ಎಮ್ಮಿ ಚೀರಿದ್ದು ಅಂತ ಹೇಳಾಮು.”

“ಸರಿ ಅತ್ಲಾಗ” ಎಂದು ಪಂಚಯ್ಯನವರು ತಾವೇ ಏಣಿ ಹತ್ತಿದರು.

“ತಪ್ಪು ನಮ್ಮವ್ವಂದ್ರೀ!” ಎಂದ ಧನರಾಜ.

“ನೀರು ಹಾಕು ಅಂತ ಹೇಳಿದ ಅಯ್ಯನೂ ನಾನಽ, ಬ್ರೇಕ್ ಕಟ್ಟಿದ ಮಿಸ್ತ್ರಿನೂ ನಾನಽ. ಅಂವ ಮಾಡಿದ್ದು ಇಂವ ಉಣ್ಣಬೇಕು. ಹಿಡಿ ಆ ಕಡಿ ತುದಿ.”

ಬೋರ್ಡು ಇಳಿಯಿತು. ಚಂದ್ರಭಾಗಾ ಅದನ್ನು ಸೆರಗಿನಿಂದ ಒರೆಸಿ, ಒಳಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಬೋರ್ಡಿನ ಹಿಂದೆ ಮೂವತ್ತೊಂದು ವರ್ಷದಿಂದ ವಾಸವಾಗಿದ್ದ ಗುಬ್ಬಿಗಳ ಸಂಸಾರವೊಂದು ಎಲ್ಲರನ್ನೂ ಬೈಯುತ್ತಾ ಹಾರಿಹೋಯಿತು.

ಕಾರಿನ ಕೆಲಸ ಮಾತ್ರ ನಿಲ್ಲಲಿಲ್ಲ. ಚಂದ್ರಭಾಗಾ ಮಜ್ಜಿಗೆ ಹಿಡಿದು ಕುಳಿತಾಗ ತಂಬಿಗೆಯ ತುಂಬ ಉಂಗುರ ಎದ್ದವು. ಡಿಸ್ಕು ಸೊಟ್ಟಾಗಿದ್ದುದು ಖಚಿತವಾಯಿತು. ಹೊಸ ಡಿಸ್ಕು, ಹೊಸ ಪ್ಯಾಡು ಬಂದವು. ಈ ಸಲ ಪರಿಚಯ ಮಾಡಿಸುವಾಗ ಗೌರಾಬಾಯಿಯನ್ನು ಪೂನಮ್ ದೇವಣಿಯ ಬಜಾರಿಗೆ ಕರೆದುಕೊಂಡು ಹೋಗಿದ್ದಳು.

ಅಯ್ಯನವರು ತಮ್ಮ ಬಾಯಿಂದ “ಹೋಗಲಿ” ಎಂದ ಮೇಲೆ, ಎರಡನೆಯ ರವಿವಾರ ಎಲ್ಲರೂ ಟ್ರ್ಯಾಕಿಗೆ ಹೋದರು. ಬಾಗಿಲಲ್ಲೇ ಪಂಚಯ್ಯನವರು ಟವೆಲ್ಲು ಹಾಸಿ ಕುಳಿತು, ರಸ್ತೆಯ ಪ್ಯಾಡು ಬಿಚ್ಚಿ ಟ್ರ್ಯಾಕಿನದನ್ನು ಕೂಡಿಸಿದರು. ಮೊದಲ ಸುತ್ತಿನಲ್ಲಿ ಕಾರು ಚೀರಿತು. ಗೌರಾಬಾಯಿ ಗಾಬರಿಯಾಗಿ ಅಯ್ಯನವರ ಕಡೆಗೆ ನೋಡಿದರು. “ಚೀರ್ಲಿ ಅವ್ವಾ, ಇಲ್ಲಿ ಚೀರಬೇಕು” ಎಂದರು ಅವರು. ಬಿಸಿಯಾದಂತೆ ಚೀರಾಟ ನಿಂತಿತು. ನಾಲ್ಕನೆಯ ಸುತ್ತು, ಐದನೆಯದು. ಪಂಚಯ್ಯನವರ ಬಲಗಾಲು ನಿಂತಲ್ಲೇ ನೆಲವನ್ನು ಒತ್ತುತ್ತಿತ್ತು. ಹಿಂದೆ ಕಾರು ಹೂತಿದ್ದ ತಿರುವಿನಲ್ಲಿ ನಾಲ್ಕು ಹೋರಿಗಳೂ ಹಗ್ಗದ ಮಾತು ಕೇಳಿ ಬಾಗಿದವು. ಹನ್ನೆರಡು ಸುತ್ತು ಮುಗಿಸಿ, ಬ್ರೇಕು ಮುಟ್ಟದೆ ಒಂದು ಸುತ್ತು ತಣ್ಣಗಾಗಿ, ಧನರಾಜ ಹಲ್ಲು ಬಿಡುತ್ತಾ ಬಂದ. ಟ್ರ್ಯಾಕಿನ ಒಬ್ಬ ಅಧಿಕಾರಿ ಚಂದ್ರಭಾಗಾರ ಕೈಯಲ್ಲಿದ್ದ ತಂಬಿಗೆಯನ್ನು ನೋಡಿ ಇದು ಏನು ಎಂದು ಕೇಳಿದರು. “ಮಷೀನ್” ಎಂದು ಆಕೆ ಉತ್ತರ ಕೊಟ್ಟು, ಅವರಿಗೂ ಒಂದು ಲೋಟ ಬಗ್ಗಿಸಿಕೊಟ್ಟರು.

ಹಿಂದಿರುಗಿ ಬಂದರೆ ಉಮರ್ಗಾದಲ್ಲಿ ಬೇರೆಯೇ ತಾಪತ್ರಯ. ಬೋರ್ಡಿಲ್ಲದೆ ಲಾರಿಯವರಿಗೆ ಅಂಗಡಿ ಗುರುತಾಗುತ್ತಿರಲಿಲ್ಲ, ಮುಂದೆ ಹೋಗಿಬಿಡುತ್ತಿದ್ದರು. ಪಂಚಯ್ಯನವರಿಗಿಂತ ಹೆಚ್ಚು ಕಷ್ಟ ಮಹಾದೇವಪ್ಪನವರಿಗೆ. ಅವರ ಬಿಲ್ಲಿನ ಚೀಟಿಯಲ್ಲಿ ಅಂಗಡಿಯ ವಿಳಾಸ “ಕಿರುಚದ ಬೋರ್ಡಿನ ಪಕ್ಕ” ಎಂದೇ ಅಚ್ಚಾಗಿತ್ತು.

“ಅಯ್ನೋರ, ಕೈ ಮುಗೀತೀನಿ, ಹಚ್ರೀ ಮತ್ತ. ಹಾರ್ನ್ ಬಾರಿಸಿ ಬಾರಿಸಿ ಗಿರಾಕಿ ಕರ್ಯಾಕ ಹತ್ತೀನಿ.”

“ಅಪ್ಪ ಬರದದ್ದು ಸುಳ್ಳು ಮಾಡಿ ಹ್ಯಾಂಗ ಹಚ್ಚಲಿ?”

ಆಗ ಪೂನಮ್, ಗೋಡೆಗೆ ಮುಖ ಮಾಡಿದ್ದ ಬೋರ್ಡಿನ ಖಾಲಿ ಬೆನ್ನನ್ನು ತೋರಿಸಿದಳು. “ಅಜ್ಜ ಬರದದ್ದು ಇಳಸಲಾಗುವುದು ಅಂತ. ಇಳಸೀರಿ, ಖರೇ ಆತು. ಮತ್ತ ಏರಸಬಾರದು ಅಂತ ಎಲ್ಲಿ ಬರದಾರ?”

ಪಂಚಯ್ಯನವರು ಆ ವಾಕ್ಯವನ್ನು ಮೂರು ಸಲ ಓದಿದರು. ಎಲ್ಲಿಯೂ ಬರೆದಿರಲಿಲ್ಲ.

ಬೋರ್ಡಿನ ಬೆನ್ನಿಗೆ ಪೂನಮ್ ಬಣ್ಣ ಹಚ್ಚಿ, ತಂದೆ ಹೇಳಿದ್ದನ್ನು ಬರೆದಳು. ಬೋರ್ಡು ಈಗ ರಸ್ತೆಗೆ ಅಡ್ಡವಾಗಿ ನಿಂತಿದೆ. ಹೈದರಾಬಾದಿಗೆ ಹೋಗುವವರಿಗೆ ಅಜ್ಜನ ಗುಂಡಕ್ಷರ ಕಾಣುತ್ತದೆ. ಪುಣೆಗೆ ಹೋಗುವವರಿಗೆ ಹೊಸದು: “ಟ್ರ್ಯಾಕಿನ ಪ್ಯಾಡು ಟ್ರ್ಯಾಕಿನಲ್ಲಿ ಕಿರುಚಬಹುದು. ಬಿಸಿ ಗಾಲಿಗೆ ನೀರು ಹಾಕಬಾರದು. ಪ್ಯಾಡಿಗೆ ಪೂಜೆ ಬೇಡ. ಅಪ್ಪಣೆ, ಪಂಚಯ್ಯ.” ಗುಬ್ಬಿಗಳು ಮೂರು ದಿನ ವಿಚಾರ ಮಾಡಿ ಮಹಾದೇವಪ್ಪನವರ ದೊಡ್ಡ ಹಾರ್ನಿನೊಳಗೆ ಮನೆ ಹೂಡಿದವು. ಅವರು ಅದನ್ನು ಇನ್ನೂ ಮಾರಿಲ್ಲ.

ಬೋರ್ಡು ಏರಿದ ದಿನ ಗೌರಾಬಾಯಿ ಕೆಂಪು ಕಾರಿನಲ್ಲಿ ಬಂದರು. ಟೊಂಕದಲ್ಲಿ ಅದೇ ಕೊಡ. ಪಂಚಯ್ಯನವರು ಲಾರಿಯ ಕೆಳಗಿನಿಂದ ಹೊರಬಂದು, ಬೆವರು ಒರೆಸಿಕೊಳ್ಳುತ್ತಾ ನಿಂತರು. ಅಯ್ಯನವರ ಪಾದಕ್ಕೆ ನೀರು ಹಾಕಬೇಕೆಂದು ಆಕೆ ಕೊಡ ಬಗ್ಗಿಸಿದರು. ಬಗ್ಗಿಸಿದವರು ತಟ್ಟನೆ ತಡೆದು, ಕೂತು, ಬೆರಳಿನ ಹಿಂಬದಿಯಿಂದ ಅವರ ಪಾದವನ್ನು ಮೆಲ್ಲಗೆ ಮುಟ್ಟಿ ನೋಡಿದರು.

“ಜರಾ ಬೆಚ್ಚಗ ಅದಾವ್ರೀ ಅಯ್ನೋರ” ಎಂದರು. “ಹತ್ತು ನಿಮಿಷ ಹಿಂಗೇ ಮೆಲ್ಲಕ ತಿರಗಾಡ್ರಿ. ನಾ ಕಾಯ್ತೀನಿ.”

ಪಂಚಯ್ಯನವರು ಹತ್ತು ನಿಮಿಷ ಅಂಗಳದಲ್ಲಿ ಮೆಲ್ಲಗೆ ತಿರುಗಾಡಿದರು.